ಹೃದಯ ಸ್ತಂಭನದ ನಂತರ ಮೈ ತಂಪಿಡುವ ಚಿಕಿತ್ಸೆ

ಮಿದುಳಿನ ಪಾಡು

ಹೃದಯಾಘಾತದಲ್ಲಿ ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತದೆ; ಹೃದಯ ಸ್ತಂಭನದಲ್ಲಿ ಬಡಿತವೇ ನಿಲ್ಲುತ್ತದೆ. ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಬಡಿತ ಮರಳಿದ ಮೇಲೂ ಊತ, ಉರಿಯೂತಗಳಿಂದ ಹಾನಿ ಮುಂದುವರಿದು, ಎಷ್ಟೋ ಮಂದಿಗೆ ಪ್ರಜ್ಞೆ ಮರಳುವುದೇ ಇಲ್ಲ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮಿದುಳು ಬೇಡುವ ಆಮ್ಲಜನಕ ಸುಮಾರು ಶೇ. 6ರಷ್ಟು ತಗ್ಗುತ್ತದೆ. ತಂಪಿಡುವ ಯೋಚನೆಯ ಬೇರು ಇದೇ.

ತಂಪಿಡುವ ಬಗೆಗಳು

ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಚೀಲ ಇಡುವುದು ಅಗ್ಗದ ದಾರಿ. ಆದರೆ ಬಿಸಿ ಒಂದೇ ಮಟ್ಟದಲ್ಲಿ ನಿಲ್ಲದು. ದೊಡ್ಡ ಆಸ್ಪತ್ರೆಗಳಲ್ಲಿ ತಣ್ಣೀರು ಹರಿಯುವ ಹೊದಿಕೆ, ಮೈಗಂಟುವ ಜೆಲ್ ಪ್ಯಾಡ್, ದೊಡ್ಡ ರಕ್ತನಾಳದೊಳಗೆ ಇಳಿಸುವ ತಂಪು ಕೊಳವೆ ಇರುತ್ತವೆ. ಅಳತೆ ಅನ್ನನಾಳದಲ್ಲೋ ಮೂತ್ರಕೋಶದಲ್ಲೋ ಆಗಬೇಕು, ಕಂಕುಳ ಥರ್ಮಾಮೀಟರ್ ನೆಚ್ಚುವಂತಿಲ್ಲ. ನಡುಕ ಬಂದರೆ ಮೈ ಮತ್ತೆ ಬಿಸಿಯೇರುವುದರಿಂದ ನಿದ್ರೆಯ ಔಷಧಿ ಕೊಡುತ್ತಾರೆ. ಮತ್ತೆ ಬೆಚ್ಚಗಾಗಿಸುವಾಗ ಗಂಟೆಗೆ ಕಾಲು ಡಿಗ್ರಿಯಿಂದ ಅರ್ಧ ಡಿಗ್ರಿಯಷ್ಟೇ ಏರಿಸುತ್ತಾರೆ.

ಬದಲಾದ ತಿಳಿವಳಿಕೆ

2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದ ಎರಡು ಅಧ್ಯಯನಗಳು 32ರಿಂದ 34 ಡಿಗ್ರಿಗೆ ಇಳಿಸಿದರೆ ಮಿದುಳು ಉಳಿಯುತ್ತದೆಂದವು. 2013ರ ದೊಡ್ಡ ಪ್ರಯೋಗದಲ್ಲಿ 33ಕ್ಕೂ 36ಕ್ಕೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ, ಆಂಬುಲೆನ್ಸ್‌ನಲ್ಲೇ ತಣ್ಣನೆಯ ಸಲೈನ್ ಏರಿಸಿದವರಲ್ಲಿ ಹೃದಯ ಮತ್ತೆ ನಿಲ್ಲುವುದು ಹೆಚ್ಚೆಂದು ಅಮೆರಿಕದ ಅಧ್ಯಯನ ತೋರಿಸಿತು. 2021ರಲ್ಲಿ ಸುಮಾರು 1,900 ರೋಗಿಗಳ ಪ್ರಯೋಗದಲ್ಲಿ, ಜ್ವರ ತಡೆದವರಿಗಿಂತ 33ಕ್ಕೆ ಇಳಿಸಿದವರು ಹೆಚ್ಚೇನೂ ಬದುಕುಳಿಯಲಿಲ್ಲ. ಈಗಿನ ಮುಖ್ಯ ಗುರಿ ಮೈ ಬಿಸಿ 37.5 ಡಿಗ್ರಿ ದಾಟದಂತೆ ಕನಿಷ್ಠ 36 ಗಂಟೆ ನೋಡಿಕೊಳ್ಳುವುದು. ತಂಪಿಡುವ ಯಂತ್ರಗಳಿಂದ ದೂರವಿರುವ ಮಲೆನಾಡಿನ ಮಟ್ಟಿಗೆ ಇದು ದೊಡ್ಡ ಸುದ್ದಿ.

ಘಾಟಿಯ ಮೇಲಿನ ಊರುಗಳಲ್ಲಿ

ದೊಡ್ಡ ಆಸ್ಪತ್ರೆಗೆಂದು ಮೂಡಿಗೆರೆಯಿಂದ ಮಂಗಳೂರಿಗೆ ಹೋಗಲು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಬೇಕು. ಕಳಸದಿಂದ ಮಣಿಪಾಲಕ್ಕೆ ಕುದುರೆಮುಖ, ಕಾರ್ಕಳದ ದಾರಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಹಾಗಾಗಿ ತೋಟದಲ್ಲಿ ಯಾರಾದರೂ ಕುಸಿದು, ಉಸಿರಾಟ ನಿಂತರೆ, 108ಕ್ಕೆ ಕರೆ ಮಾಡಿ ಪಕ್ಕದವರೇ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ ಒತ್ತಬೇಕು. ಆ ಕೈಗಳು ಉಳಿಸದ ಮಿದುಳನ್ನು ಯಾವ ಯಂತ್ರವೂ ತಂಪಿಟ್ಟು ಉಳಿಸಲಾರದು.

ಹೃದಯಾಘಾತ ಸ್ತಂಭನದವರೆಗೆ ಹೋಗದಂತೆ ತಡೆಯುವ ಕೆಲಸವೂ ನಡೆದಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಕರಾವಳಿ, ಮಲೆನಾಡಿನ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸಾಪ್‌ನಲ್ಲೇ ಸಲಹೆ ಕೊಡುವ ಏರ್ಪಾಡು ಬೆಳೆಸಿದರು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಿಸುತ್ತಿದೆ.

ಬಡಿತ ಮರಳಿದ ಮೇಲೆ ಜ್ವರ ಏರದಂತೆ ನೋಡಿಕೊಳ್ಳಲು ಪ್ಯಾರಾಸಿಟಮಾಲ್, ಒದ್ದೆ ಬಟ್ಟೆ, ಫ್ಯಾನ್ ಸಣ್ಣ ಆಸ್ಪತ್ರೆಯಲ್ಲೂ ಇವೆ. ಆಷಾಢದ ಮಳೆಯಲ್ಲಿ ನೆನೆದು ಬಂದ ರೋಗಿಯ ಮೈ ತಣ್ಣಗಿದ್ದರೆ ಕಂಬಳಿ ಹೊದಿಸಿ ಬಿಸಿನೀರಿನ ಚೀಲ ಇಡಲು ಮನೆಯವರ ಮನಸ್ಸು ತುಡಿಯುತ್ತದೆ. ಆದರೆ ಬಡಿತ ಮರಳಿ, ಪ್ರಜ್ಞೆ ಮರಳದ ರೋಗಿಯ ಮೈ ಸ್ವಲ್ಪ ತಣ್ಣಗಿದ್ದರೆ ಬಲವಂತವಾಗಿ ಬಿಸಿ ಮಾಡಬಾರದು. ಒದ್ದೆ ಬಟ್ಟೆ ಬದಲಿಸಿ, ಅದು ತಾನಾಗಿ ಏರಲು ಬಿಡಬೇಕು.