ನಿಮ್ಮ ಬಾಳಿನ ನೀಲನಕ್ಷೆ ಏನು? (ಭಾಷಣ)

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ (1929–68) ಅವರು 1967ರ ಅಕ್ಟೋಬರ್ 26ರಂದು ಫಿಲಡೆಲ್ಫಿಯಾದ ಬ್ಯಾರಟ್ ಜೂನಿಯರ್ ಹೈಸ್ಕೂಲಿನ ವಿದ್ಯಾರ್ಥಿಗಳೆದುರು ಮಾಡಿದ ಭಾಷಣ. 1963ರ ವಾಷಿಂಗ್ಟನ್ ಭಾಷಣದಷ್ಟು ಇದು ಹೆಸರಾಗಿಲ್ಲ. ಆದರೆ ಬದುಕುವ ಬಗೆಯನ್ನು ಕಿಂಗ್ ಇಷ್ಟು ನೇರವಾಗಿ, ಎಳೆಯರಿಗೆ ನಾಟುವಂತೆ ಹೇಳಿದ್ದು ಬೇರೆಡೆ ಕಡಿಮೆ. ಇದಾದ ನಾಲ್ಕು ದಿನಕ್ಕೆ, ಅಲಬಾಮದಲ್ಲಿ 1963ರಲ್ಲೇ ನಡೆಸಿದ್ದ ಮೆರವಣಿಗೆಯ ಹಳೆಯ ಪ್ರಕರಣವೊಂದರಲ್ಲಿ ಅವರು ಅಲ್ಲಿನ ಜೈಲು ಸೇರಿದರು.

ತಿರುಳು

ಮನೆ ಕಟ್ಟುವ ಮೊದಲು ನಕ್ಷೆ ಬರೆಸುತ್ತಾರೆ. ಬಾಳಿಗೂ ಒಂದು ನಕ್ಷೆ ಬೇಡವೇ ಎಂಬ ಪ್ರಶ್ನೆಯಿಂದ ಭಾಷಣ ಹೊರಡುತ್ತದೆ. ನಕ್ಷೆಯ ಮೊದಲ ಗೆರೆ ತನ್ನ ಘನತೆಯಲ್ಲಿ ತನಗಿರಬೇಕಾದ ನಂಬಿಕೆ. ಇದಕ್ಕೆ ಕಿಂಗ್ ಬಳಸಿದ ‘ಸಮ್‌ಬಡಿನೆಸ್’ ಎಂಬ ಪದವನ್ನು ಕನ್ನಡಕ್ಕೆ ತರುವುದು ಕಷ್ಟ. ‘ನಾನೂ ಒಬ್ಬ ಮನುಷ್ಯ’ ಎಂಬ ಎದೆಗಾರಿಕೆ ಎನ್ನಬಹುದು. ಮೈಬಣ್ಣ ತಿಳಿಯಾಗಿಸುವ ಅಗ್ಗದ ಪ್ರಸಾಧನಗಳೂ ಗುಂಗುರು ಕೂದಲನ್ನು ನೇರಗೊಳಿಸುವ ಪಾಡೂ ನಿಮಗೆ ಬೇಡ ಎಂದು ಅವರು ಕಪ್ಪು ಮಕ್ಕಳಿಗೆ ಹೇಳಿದರು. ಎರಡನೆಯದು, ಕೈಹಿಡಿದ ಕೆಲಸದಲ್ಲಿ ಶ್ರೇಷ್ಠತೆ. ಬಡತನ ಎಷ್ಟೇ ಹಿಂಡಿದರೂ ಶಾಲೆ ಬಿಡಬೇಡಿ ಎಂಬ ಮನವಿ ಇಲ್ಲಿ ಬರುತ್ತದೆ. ಮೂರನೆಯದು ಸೌಂದರ್ಯ, ಪ್ರೀತಿ, ನ್ಯಾಯಗಳಿಗೆ ನಿಷ್ಠೆ. ಆ ವರ್ಷಗಳ ಗಲಭೆಗಳಲ್ಲಿ ಕೇಳಿಬರುತ್ತಿದ್ದ ‘ಸುಡು’ ಎಂಬ ಘೋಷಣೆಯ ಬದಲಿಗೆ ಕಟ್ಟು, ಸಂಘಟಿಸು, ಕಲಿ ಎಂಬ ಪದಗಳನ್ನು ಅದೇ ಲಯದಲ್ಲಿ ಕೂರಿಸಿದರು.

ಬೀದಿ ಗುಡಿಸುವವನ ದೃಷ್ಟಾಂತ

ಭಾಷಣದಲ್ಲಿ ಅತಿ ಹೆಚ್ಚು ಉದ್ಧೃತವಾಗುವ ಭಾಗವಿದು. ಬೀದಿ ಗುಡಿಸುವುದೇ ಪಾಲಿಗೆ ಬಂದರೆ ಮೈಕೆಲೇಂಜಲೊ ಚಿತ್ರ ಬರೆದ ಹಾಗೆ, ಬೇಥೋವನ್ ಸಂಗೀತ ರಚಿಸಿದ ಹಾಗೆ ಗುಡಿಸು ಎಂಬುದು ಅದರ ಸಾರ. ಮಾತು ಹೊಸದಲ್ಲ. 1956ರ ಡಿಸೆಂಬರಿನಲ್ಲಿ, ಮಾಂಟ್‌ಗೊಮರಿಯ ವರ್ಣಭೇದವಿರೋಧಿ ಬಸ್ ಬಹಿಷ್ಕಾರ ಮುಗಿಯುವ ಹೊತ್ತಿನಲ್ಲಿ ಮಾಡಿದ ಭಾಷಣದಲ್ಲಿಯೇ ಕಿಂಗ್ ಇದನ್ನು ಬಳಸಿದ್ದರು. ಎರಡು ಪಾಠಗಳ ನಡುವೆ ಸಣ್ಣದೊಂದು ವ್ಯತ್ಯಾಸವಿದೆ. ಮೊದಲಿನದರಲ್ಲಿ ಕಲಾವಿದರೆಲ್ಲ ಯುರೋಪಿನವರು. ಫಿಲಡೆಲ್ಫಿಯಾದಲ್ಲಿ ಲಿಯಾಂಟಿನ್ ಪ್ರೈಸ್ ಹೆಸರು ಸೇರಿತು. ಮಿಸಿಸಿಪ್ಪಿಯ ಲಾರೆಲ್ ಊರಿನ ಈ ಕಪ್ಪು ಗಾಯಕಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲು ಹಾಡಿದ್ದು 1961ರಲ್ಲಿ. 1956ರಲ್ಲಿ ಆ ಉದಾಹರಣೆ ಸಾಧ್ಯವೇ ಇರಲಿಲ್ಲ. ದೃಷ್ಟಾಂತ ಹಳೆಯದಾದರೂ ಕೇಳುವ ಮಕ್ಕಳನ್ನು ನೋಡಿ ಅದನ್ನು ತಿದ್ದಿದಂತಿದೆ.

ಈ ದೃಷ್ಟಾಂತದ ಜೊತೆಗೇ ಬರುವ, ಬದುಕಿರುವವರು, ಸತ್ತವರು, ಇನ್ನೂ ಹುಟ್ಟದವರು ಯಾರೂ ಮೀರಿಸಲಾಗದಂತೆ ಕೆಲಸ ಮಾಡು ಎಂಬ ಮಾತನ್ನು ಸಾಮಾನ್ಯವಾಗಿ ಬೆಂಜಮಿನ್ ಮೇಸ್ ಅವರದೆನ್ನುತ್ತಾರೆ. ಕಿಂಗ್ ಓದಿದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಮೇಸ್ ಅವರಿಗೆ ಕನ್ನಡ ನಾಡಿನ ನಂಟೂ ಇತ್ತು. 1937ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನಕ್ಕೆ ಅವರು ಬಂದಿದ್ದರು. ಅದಕ್ಕೆ ತುಸು ಮೊದಲು ಗಾಂಧಿಯನ್ನು ಕಂಡಿದ್ದರು. ಆ ಪ್ರವಾಸದಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ತಮ್ಮನ್ನು ಅಮೆರಿಕದ ಅಸ್ಪೃಶ್ಯನೆಂದು ಪರಿಚಯಿಸಿದ್ದನ್ನು ಮೇಸ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆ ಮಾತು ಅವರಿಗೆ ಮೊದಲು ಚುರುಕ್ಕೆಂದಿತು, ಆಮೇಲೆ ನಿಜವೆನಿಸಿತು. 1959ರ ತಮ್ಮ ಕೇರಳ ಭೇಟಿಯ ಬಗ್ಗೆ ಕಿಂಗ್ ಕೂಡ ಇಂಥದೇ ಪ್ರಸಂಗವನ್ನು ಪ್ರವಚನದಲ್ಲಿ ಹೇಳಿದರು. ಗುರುವಿನ ಅನುಭವ ಶಿಷ್ಯನ ನೆನಪಿಗೆ ಇಳಿದಿರಲೂಬಹುದು.

ಮೆಂಫಿಸ್‌ನ ಬೆಳಕಿನಲ್ಲಿ

ಈ ದೃಷ್ಟಾಂತವನ್ನಷ್ಟೇ ಕಿತ್ತು ಗೋಡೆಗೆ ಅಂಟಿಸಿದರೆ ಅದು ಪೊರಕೆ ಹಿಡಿದವನು ಪೊರಕೆಯಲ್ಲೇ ತೃಪ್ತನಾಗಿರಲಿ ಎಂಬ ಉಪದೇಶವಾಗಿಬಿಡುತ್ತದೆ. ಕಿಂಗ್ ಅವರ ಅರ್ಥ ಅದಲ್ಲವೆಂಬುದಕ್ಕೆ ಅವರ ಕಡೆಯ ವಾರಗಳೇ ಸಾಕ್ಷಿ. 1968ರ ಫೆಬ್ರವರಿ 1ರಂದು ಮೆಂಫಿಸ್‌ನಲ್ಲಿ ಕಸದ ಲಾರಿಯ ಅದುಮುಯಂತ್ರಕ್ಕೆ ಸಿಕ್ಕಿ ಇಬ್ಬರು ಪೌರಕಾರ್ಮಿಕರು ಸತ್ತರು. ಮಳೆಗೆ ಅವರು ಲಾರಿಯೊಳಗೇ ಆಸರೆ ಪಡೆದಿದ್ದರು. ಫೆಬ್ರವರಿ 12ರಿಂದ ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ‘ನಾನು ಮನುಷ್ಯ’ ಎಂದು ಅವರು ಹಿಡಿದ ಫಲಕ ಫಿಲಡೆಲ್ಫಿಯಾದಲ್ಲಿ ಹೇಳಿದ ನಕ್ಷೆಯ ಮೊದಲ ಗೆರೆಯೇ. ಮಾರ್ಚ್ 18ರಂದು ಅಲ್ಲಿ ಮಾತನಾಡಿದ ಕಿಂಗ್, ಕಸ ಒಯ್ಯುವವನು ಕೆಲಸ ನಿಲ್ಲಿಸಿದರೆ ರೋಗ ಹಬ್ಬುತ್ತದೆ, ಆದ್ದರಿಂದ ಅವನು ವೈದ್ಯನಷ್ಟೇ ಮುಖ್ಯ ಎಂದರು. ಸಿರಿವಂತ ದೇಶದಲ್ಲಿ ದುಡಿಯುವವನಿಗೆ ಹೊಟ್ಟೆ ತುಂಬದ ಕೂಲಿ ಕೊಡುವುದು ಅಪರಾಧ ಎಂದೂ ಸೇರಿಸಿದರು. ಏಪ್ರಿಲ್ 4ರಂದು ಅದೇ ಊರಿನಲ್ಲಿ ಅವರ ಕೊಲೆಯಾಯಿತು. ಏಪ್ರಿಲ್ 16ರಂದು ನಗರಾಡಳಿತ ಕಾರ್ಮಿಕರ ಸಂಘಕ್ಕೆ ಮಾನ್ಯತೆ ಕೊಟ್ಟು, ಕೂಲಿ ಹೆಚ್ಚಿಸಲು ಒಪ್ಪಿತು.