ಔಷಧಿ ಹೊರುವ ಅಂಟು

ಕಾಣಕೋಣದ ಇತಿಹಾಸ ಬರೀರಿ ಅಂದರೆ ನಮ್ಮವರು ಸೋಂದೆ ಅರಸರು, ಪೋರ್ಚುಗೀಜರು, 1961ರ ವಿಮೋಚನೆ ಅಂತ ಶುರು ಮಾಡ್ತಾರೆ. ಅದೆಲ್ಲ ಬೇಕಾದದ್ದೇ. ಆದರೆ ಹೊಲದ ಕಾಯಿಗೂ, ಸಮುದ್ರದ ಪಾಚಿಗೂ, ನಾವು ತಿಪ್ಪೆಗೆ ಎಸೆಯುವ ಸಿಗಡಿ ಸಿಪ್ಪೆಗೂ ಒಂದು ಇತಿಹಾಸವಿದೆ. ಅವುಗಳಿಂದ ತೆಗೆದ ಪದಾರ್ಥಗಳಿಗೆ ಔಷಧಿಯನ್ನು ಹೊರಿಸಿ ರೋಗ ಇದ್ದಲ್ಲಿಗೇ ಕಳಿಸುವ ಪ್ರಯತ್ನ ಎಷ್ಟೋ ವರ್ಷಗಳಿಂದ ನಡೆದಿದೆ. ಅದರಲ್ಲಿ ಕಾರವಾರ ದಾಟಿ ಘಟ್ಟ ಹತ್ತಿದರೆ ಸಿಗುವ ನಮ್ಮ ಧಾರವಾಡದ ಪಾಲೂ ದೊಡ್ಡದು. ನಾನು ಓದಿದ್ದು ಏಳನೇ ಇಯತ್ತೆ. ಮಾಸ್ತರರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲೇ ಬರೀತೇನೆ.

ಮೊದಲು ತೊಂದರೆ ಏನು ಅಂತ ನೋಡುವಾ. ಜೋರು ಮಳೆಯಲ್ಲಿ ತೋಟಕ್ಕೆಲ್ಲ ಯೂರಿಯಾ ಎರಚಿದರೆ ತೆಂಗಿನ ಬೇರಿಗೆ ಸಿಗುವುದು ಸ್ವಲ್ಪ, ತಳಪೋಣ ಹೊಳೆಗೆ ಹೋಗುವುದು ಬಹಳ. ಗುಳಿಗೆ, ಇಂಜೆಕ್ಷನ್ನಿನ ಕಥೆಯೂ ಹಾಗೇ. ಔಷಧಿ ರಕ್ತದಲ್ಲಿ ಸೇರಿ ಮೈಯೆಲ್ಲ ತಿರುಗುತ್ತದೆ. ಕ್ಯಾನ್ಸರಿಗೆ ಕೊಡುವ ಎಷ್ಟೋ ಔಷಧಿಗಳು ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತವೆ. ಕೂದಲಿನ ಬುಡ, ಬಾಯಿಯ ಒಳಪೊರೆ, ಕರುಳಿನ ಒಳಪೊರೆ ಇವೂ ಬೇಗ ಬೆಳೆಯುವಂಥವೇ. ಅದಕ್ಕೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಊಟ ಸೇರದೇ ಹೋಗುವುದು. ನಮ್ಮ ಮನೆಯಲ್ಲೇ ಅತ್ತಿಗೆಯವರು ಈ ಔಷಧಿ ತಗೊಂಡರು. ಗಂಟು ಕರಗಿತು, ಆದರೆ ತಿಂಗಳುಗಟ್ಟಲೆ ಗಂಜಿ ಸಹಾ ಇಳೀಲಿಲ್ಲ. “ತಮ್ಮಾ, ಗಂಟು ಇರೋದು ಒಂದೇ ಕಡೆ. ಔಷಧಿ ಯಾಕೆ ಊರೆಲ್ಲ ತಿರುಗಬೇಕು?” ಅಂತ ಕೇಳಿದರು. ವಿಜ್ಞಾನಿಗಳು ನೂರು ವರ್ಷದಿಂದ ಕೇಳುತ್ತಿರುವ ಪ್ರಶ್ನೆಯೂ ಇದೇ.

ಜರ್ಮನಿಯಲ್ಲಿ ಪಾಲ್ ಎರ್ಲಿಖ್ ಅಂತ ಒಬ್ಬ ವೈದ್ಯರಿದ್ದರು. 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ರೋಗವನ್ನು ಮಾತ್ರ ಹೊಡೆದು ಮೈಯನ್ನು ಬಿಟ್ಟುಬಿಡುವ ‘ಮಂತ್ರದ ಗುಂಡು’ ಬೇಕು ಅನ್ನುವ ವಿಚಾರ ಅವರದು. 1910ರಲ್ಲಿ ಸಿಫಿಲಿಸ್ ರೋಗಕ್ಕೆ ಅವರ ಸಾಲ್ವರ್ಸನ್ ಔಷಧಿ ಬಂತು. ಆದರೆ ಪ್ರತಿ ರೋಗಕ್ಕೂ ಅಂಥ ಗುಂಡು ಎಲ್ಲಿಂದ ತರೋದು? ಇದ್ದ ಔಷಧಿಯನ್ನೇ ಹೊತ್ತು ಒಯ್ಯುವ ಹಮಾಲ ಸಿಕ್ಕರೆ ಸಾಕಲ್ಲ ಅನ್ನುವ ಯೋಚನೆ ಮುಂದೆ ಬಂತು.

ಆ ಹಮಾಲನೇ ಪಾಲಿಮರ್. ಅಬ್ಬಲಿಗೆ ದಂಡೆಯಲ್ಲಿ ಒಂದೇ ಜಾತಿಯ ಹೂವು ಒಂದರ ಪಕ್ಕ ಒಂದು ಕೂತಿರುತ್ತದಲ್ಲ, ಹಾಗೆ ಸಣ್ಣ ಸಣ್ಣ ಕಣಗಳು ಉದ್ದಕ್ಕೆ ಪೋಣಿಸಿಕೊಂಡ ಪದಾರ್ಥ. ಪ್ಲಾಸ್ಟಿಕ್ ಪಾಲಿಮರ್, ರಬ್ಬರ್ ಪಾಲಿಮರ್, ಹತ್ತಿ ನೂಲು, ಗಂಜಿಯ ಪಿಷ್ಟ ಎಲ್ಲವೂ ಪಾಲಿಮರೇ. 1964ರಲ್ಲಿ ಅಮೆರಿಕದ ಜುಡಾ ಫೋಕ್‌ಮನ್ ಮತ್ತು ಲಾಂಗ್ ಎಂಬವರು ಸಿಲಿಕೋನ್ ರಬ್ಬರಿನೊಳಗೆ ಔಷಧಿ ಇಟ್ಟರೆ ಅದು ಬಹಳ ದಿನ ನಿಧಾನಕ್ಕೆ ಹೊರಬರುತ್ತದೆ ಅಂತ ತೋರಿಸಿದರು. 1975ರಲ್ಲಿ ಜರ್ಮನಿಯ ಹೆಲ್ಮುಟ್ ರಿಂಗ್ಸ್‌ಡಾರ್ಫ್ ಒಂದು ನಕ್ಷೆಯನ್ನೇ ಕೊಟ್ಟರು. ನಾನು ಅದನ್ನು ಎತ್ತಿನ ಗಾಡಿ ಅಂತ ತಿಳಿದುಕೊಂಡಿದ್ದೇನೆ. ಪಾಲಿಮರ್ ಅಂದರೆ ಗಾಡಿ. ಔಷಧಿ ಅಂದರೆ ಹಗ್ಗದಿಂದ ಕಟ್ಟಿದ ಮೂಟೆ. ಊರು ಮುಟ್ಟಿದ ಮೇಲೆ ಮಾತ್ರ ಹಗ್ಗ ಬಿಚ್ಚಬೇಕು. ಮೂರನೆಯದು, ಮನೆ ಗುರುತು ಗೊತ್ತಿರುವ ಗಾಡಿಯವನು. ಮೂರೂ ಕೂಡಿದರೇ ಕೆಲಸ.

ಈಗ ನಮ್ಮ ಕಡೆಗೆ ಬರುವಾ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಟಿ. ಎಂ. ಅಮಿನಭಾವಿ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರಿದ್ದರು. ಅವರ ತಂಡ ಕೈಗೆ ತಗೊಂಡದ್ದು ನಾವೆಲ್ಲ ಬಲ್ಲ ಪದಾರ್ಥಗಳನ್ನೇ. ಚವಳಿಕಾಯಿ ಬೀಜದ ಅಂಟು ಅದರಲ್ಲಿ ಒಂದು. ಚವಳಿಕಾಯಿ ಅಂದರೆ ಮೈಸೂರು ಕಡೆಯವರ ಗೋರಿಕಾಯಿ, ಮರಾಠಿಯವರ ಗವಾರ. ಇನ್ನೊಂದು, ಕಂದು ಬಣ್ಣದ ಕಡಲ ಪಾಚಿಯಿಂದ ತೆಗೆಯುವ ಆಲ್ಜಿನೇಟ್. ಮತ್ತೊಂದು, ಸಿಗಡಿ, ಏಡಿಯ ಚಿಪ್ಪಿನಿಂದ ಬರುವ ಕೈಟೋಸಾನ್. ರೈತರು ಕೇಳಬೇಕಾದ ಮಾತೊಂದಿದೆ: 1999ರಲ್ಲಿ ಪಿಷ್ಟ ಮತ್ತು ಚವಳಿ ಅಂಟಿನಲ್ಲಿ ಅವರು ತುಂಬಿದ್ದು ಬೇವಿನ ಬೀಜದ ಎಣ್ಣೆ. ಬೆಳೆಗೆ ಹೊಡೆಯುವ ಔಷಧಿ ಒಮ್ಮೆಲೇ ತೊಳೆದು ಹೋಗದೆ ನಿಧಾನಕ್ಕೆ ಬಿಡುಗಡೆ ಆಗಲಿ ಅಂತ. ಮರುವರ್ಷ ಆಲ್ಜಿನೇಟ್ ಮಣಿಗಳಲ್ಲಿಯೂ ಹಾಗೇ ದ್ರವ ಕೀಟನಾಶಕ ತುಂಬಿ ನೋಡಿದರು. ಹೊಲಕ್ಕೂ ಮೈಗೂ ವಿದ್ಯೆ ಒಂದೇ.

2001ರಲ್ಲಿ ಸೊಪ್ಪಿಮಠ, ಅಮಿನಭಾವಿ, ಕುಲಕರ್ಣಿ ಇವರು ಅಮೆರಿಕದ ರುಡ್ಜಿನ್‌ಸ್ಕಿ ಜೊತೆ ಸೇರಿ, ಮೈಯಲ್ಲೇ ಕರಗಿ ಹೋಗುವ ಪಾಲಿಮರಿನ ಅತಿ ಸಣ್ಣ ಕಣಗಳ ಮೇಲೆ ಒಂದು ಲೇಖನ ಬರೆದರು. ಜಗತ್ತಿನ ವಿಜ್ಞಾನಿಗಳು ಅದನ್ನು ಸಾವಿರಾರು ಸಲ ಉಲ್ಲೇಖ ಮಾಡಿದ್ದಾರೆ. ಅದರಲ್ಲಿ ಮೂರು ಹೆಸರು ಧಾರವಾಡದ್ದು ಅನ್ನೋದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಚವಳಿ ಅಂಟಿಗೆ ಇನ್ನೊಂದು ಗುಣ ಇದೆ. ನಮ್ಮ ಜಠರ, ಸಣ್ಣ ಕರುಳು ಅದನ್ನು ಅರಗಿಸಲಾರವು. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಮಾತ್ರ ಅದನ್ನು ಒಡೆಯುತ್ತವೆ. ಹಾಗಾದರೆ ದೊಡ್ಡ ಕರುಳಿನ ರೋಗಕ್ಕೆ ಆ ಅಂಟಿನೊಳಗೆ ಔಷಧಿ ಇಟ್ಟು ಕೊಟ್ಟರೆ? ದಾರಿಯಲ್ಲಿ ಹೆಚ್ಚು ಸೋರದೆ ಅಲ್ಲಿಗೇ ಹೋಗಿ ಬಿಚ್ಚಿಕೊಳ್ಳುತ್ತದೆ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದವರು 1998ರಲ್ಲಿ ಪ್ರಯೋಗಶಾಲೆಯಲ್ಲಿ ಇದನ್ನು ಮಾಡಿ ನೋಡಿದರು. ಇಲ್ಲಿ ಗಾಡಿಯವನ ಹಂಗೂ ಇಲ್ಲ, ಊರಿನವರೇ ಬಂದು ಮೂಟೆ ಬಿಚ್ಚುತ್ತಾರೆ.

ಕ್ಯಾನ್ಸರಿನ ದಾರಿ ಇಷ್ಟು ಸಲೀಸಲ್ಲ. 1986ರಲ್ಲಿ ಜಪಾನಿನ ಮತ್ಸುಮುರಾ, ಮಾಯೆದಾ ಎಂಬವರು ಕ್ಯಾನ್ಸರ್ ಗಂಟಿನ ರಕ್ತನಾಳಗಳು ಸೋರುತ್ತವೆ, ದೊಡ್ಡ ಕಣಗಳು ಅಲ್ಲಿ ನುಸುಳಿ ನಿಲ್ಲುತ್ತವೆ ಅಂತ ಕಂಡರು. ಕೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಸಣ್ಣ ಕಣ ಅದಕ್ಕೆ ಸರಿ. 1995ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ಕೊಬ್ಬಿನ ಗುಳ್ಳೆಯೊಳಗೆ ಔಷಧಿ, ಗುಳ್ಳೆಯ ಮೇಲೆ ಪಾಲಿಮರಿನ ಹೊದಿಕೆ. ಹೃದಯಕ್ಕೆ ಆಗುತ್ತಿದ್ದ ಹಾನಿ ಕಡಿಮೆಯಾಯಿತು, ಆದರೆ ಅಂಗೈ ಅಂಗಾಲು ಸುಲಿಯುವ ಹೊಸ ಕಾಟ ಬಂತು. ನಮ್ಮ ದೇಶದಲ್ಲೂ 2007ರಲ್ಲಿ ದಾಬರ್ ಫಾರ್ಮಾದವರು ಪಾಲಿಮರ್ ಕಣದಲ್ಲಿ ಔಷಧಿ ತುಂಬಿದ ನ್ಯಾನೋಕ್ಸೆಲ್ ತಂದರು.

2016ರಲ್ಲಿ ಕೆನಡಾದ ಟೊರಾಂಟೊದವರು ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ನೋಡಿದರು. ಚುಚ್ಚಿದ ಕಣಗಳಲ್ಲಿ ಗಂಟು ಮುಟ್ಟಿದ್ದು ಸುಮಾರು ಶೇಕಡಾ 0.7 ಮಾತ್ರ. ಅಂದರೆ ಸಾವಿರ ಗಾಡಿ ಹೊರಟರೆ ಊರು ಸೇರಿದ್ದು ಏಳು. ಉಳಿದದ್ದರಲ್ಲಿ ಬಹಳಷ್ಟು ಪಿತ್ತಜನಕಾಂಗ, ಗುಲ್ಮದಲ್ಲಿ ಸಿಕ್ಕಿಬೀಳುತ್ತದೆ.

ಇದನ್ನು ಮುಚ್ಚಿಡಬಾರದು. ಸಂತೆಯಲ್ಲಿ ಯಾರಾದರೂ ‘ನ್ಯಾನೋ’ ಅಂತ ಬಾಟಲಿ ಹಿಡಿದು ಬಂದು ಕ್ಯಾನ್ಸರ್ ಓಡಿಸುತ್ತೇನೆ ಅಂದರೆ ಈ ಏಳು ಗಾಡಿಯ ಲೆಕ್ಕ ನೆನಪಿರಲಿ. ಡಾಕ್ಟರು ಕೊಟ್ಟ ಔಷಧಿಯನ್ನು ನಡುವೆ ಬಿಟ್ಟು ಅದರ ಹಿಂದೆ ಹೋಗಬೇಡಿ. ಹಾಗಂತ ಈ ವಿದ್ಯೆ ಸೋತಿತು ಅಂತಲೂ ಅಲ್ಲ. ಎರ್ಲಿಖ್ ವಿಚಾರದಿಂದ ಇಲ್ಲಿಗೆ ನೂರು ವರ್ಷ ದಾಟಿದೆ. ಒಬ್ಬರು ಗಾಡಿ ಮಾಡಿದರು, ಒಬ್ಬರು ಹಗ್ಗ ಹೊಸೆದರು. ದಾರಿ ಹುಡುಕುವ ಕೆಲಸ ಇನ್ನೂ ಇದೆ, ಅದನ್ನು ನಮ್ಮ ಶಾಲೆಯ ಮಕ್ಕಳೂ ಮಾಡಬಹುದು.

ಮಾಸ್ತರರಲ್ಲಿ ಒಂದು ವಿನಂತಿ. ಒಂದು ಚಿಟಿಕೆ ಕಾಮಕಸ್ತೂರಿ ಬೀಜ ನೀರಿಗೆ ಹಾಕಿ ಮಕ್ಕಳ ಮುಂದೆ ಇಡಿ. ಸ್ವಲ್ಪ ಹೊತ್ತಿನಲ್ಲಿ ಬೀಜದ ಸುತ್ತ ಲೋಳೆ ಉಬ್ಬುತ್ತದೆ. ಆ ಲೋಳೆಯೊಳಗೆ ಔಷಧಿ ಇದ್ದರೆ ಅದು ಹೊರಗೆ ಬರಲು ಎಷ್ಟು ಹೊತ್ತು ಬೇಕು ಅಂತ ಕೇಳಿ. ಧಾರವಾಡದವರು ಚವಳಿ ಅಂಟು ಹಿಡಿದು ಕೇಳಿದ್ದೂ ಅದನ್ನೇ.