ಪರಮಾಣುವಿನ ರಚನೆ: ಕಪ್ಪತಗುಡ್ಡ ಸೀಮೆಯ ನಿದರ್ಶನಗಳೊಂದಿಗೆ

ಪರಮಾಣು ಎಂದರೆ ಒಂದು ಧಾತುವಿನ ಗುಣವನ್ನು ಬಿಡದೆ ಉಳಿಸಿಕೊಂಡಿರುವ ಅತಿ ಸಣ್ಣ ಘಟಕ. ಅದರ ನಡುವೆ ಧನ ಆವೇಶದ ಪ್ರೋಟಾನ್‌ಗಳೂ ಆವೇಶವಿಲ್ಲದ ನ್ಯೂಟ್ರಾನ್‌ಗಳೂ ಒತ್ತಾಗಿ ಸೇರಿದ ನ್ಯೂಕ್ಲಿಯಸ್ ಇದೆ. ಸುತ್ತಲೂ ಋಣ ಆವೇಶದ ಎಲೆಕ್ಟ್ರಾನ್‌ಗಳು ಹರಡಿಕೊಂಡಿವೆ. ಪ್ರೋಟಾನ್ ಎಷ್ಟಿವೆ ಎಂಬುದರಿಂದ ಧಾತು ಯಾವುದೆಂದು ತಿಳಿಯುತ್ತದೆ. ನ್ಯೂಟ್ರಾನ್ ಎಷ್ಟಿವೆ ಎಂಬುದು ಅದರ ತೂಕವನ್ನೂ ಬಾಳಿಕೆಯನ್ನೂ ತೀರ್ಮಾನಿಸುತ್ತದೆ. ಬೇರೆ ವಸ್ತುಗಳೊಡನೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಎಲೆಕ್ಟ್ರಾನ್‌ಗಳ ಕೈಯಲ್ಲಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಡುವೆ ಚಾಚಿರುವ ಕಪ್ಪತಗುಡ್ಡದ ಸೀಮೆಯಲ್ಲಿ ಈ ಮೂರಕ್ಕೂ ನಿದರ್ಶನಗಳಿವೆ. ಗುಡ್ಡದ ಚಿನ್ನ, ಅದರ ಶಿಲೆಗಳ ವಯಸ್ಸು, ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್, ಇವೆಲ್ಲ ಪರಮಾಣುವಿನ ಒಳರಚನೆಯಿಂದಲೇ ವಿವರವಾಗುವ ಸಂಗತಿಗಳು.

ವಸ್ತುವನ್ನು ಒಡೆಯುತ್ತ ಹೋದರೆ ಕೊನೆಗೆ ಒಡೆಯಲಾರದ ಕಣವೊಂದು ಸಿಗುತ್ತದೆ ಎಂಬ ವಿಚಾರ ಈ ಸೀಮೆಗೆ ಹೊಸದಲ್ಲ. ಹಿಂದೆ ಪುಲಿಗೆರೆ ಎನಿಸಿಕೊಂಡಿದ್ದ ಲಕ್ಷ್ಮೇಶ್ವರ ಚಾಲುಕ್ಯರ ಕಾಲದಿಂದ ಜೈನ ವಿದ್ಯೆಯ ನೆಲೆ. ಅಲ್ಲಿನ ಶಂಖ ಬಸದಿ ಇಂದಿಗೂ ನಿಂತಿದೆ. ಜೈನ ದರ್ಶನದ ಪ್ರಕಾರ ಪುದ್ಗಲ, ಅಂದರೆ ಭೌತದ್ರವ್ಯ, ಪರಮಾಣುಗಳಿಂದ ಆದದ್ದು. ಸ್ನಿಗ್ಧ ಮತ್ತು ರೂಕ್ಷ ಎಂಬ ಎರಡು ಗುಣಗಳಿಂದ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುತ್ತದೆ. ಕಣಾದನ ವೈಶೇಷಿಕ ದರ್ಶನವೂ ಪರಮಾಣುವಾದವನ್ನು ಬೇರೆ ದಾರಿಯಲ್ಲಿ ಕಟ್ಟಿತು. ಇವನ್ನು ಇಂದಿನ ಭೌತವಿಜ್ಞಾನದ ಮುನ್ಸೂಚನೆ ಎಂದು ಸಾರುವುದು ಸರಿಯಲ್ಲ. ತೂಗಿ, ಅಳೆದು, ಪರೀಕ್ಷಿಸಿ ಕಂಡುಕೊಂಡ ಪರಮಾಣುವಿಗೂ ತರ್ಕದಿಂದ ಕಂಡುಕೊಂಡ ಪರಮಾಣುವಿಗೂ ಸಂಬಂಧವಿಲ್ಲ. ಆದರೆ ಕಣ್ಣಿಗೆ ಕಾಣುವ ಗುಣಗಳಿಗೆ ಕಾಣದ ಕಣಗಳೇ ಕಾರಣ ಎಂದು ಹುಡುಕಿದ ಆ ಧೈರ್ಯ ದೊಡ್ಡದು, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು.

ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಮಳೆ ಹೊಯ್ದ ಮೇಲೆ ಜಲಗಾರರು ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳನ್ನು ಡಂಬಳ ಗುಡ್ಡಗಳೆಂದು ಕರೆದು ಇಲ್ಲಿನ ಚಿನ್ನದ ಶಿಲೆಗಳ ಬಗ್ಗೆ 1874ರಲ್ಲಿ ವರದಿ ಬರೆದರು. 20ನೇ ಶತಮಾನದ ಆರಂಭದಲ್ಲಿ ಇಲ್ಲಿ ಗಣಿಗಳನ್ನೂ ತೋಡಲಾಯಿತು. ಅವು ಹೆಚ್ಚು ಕಾಲ ನಡೆಯಲಿಲ್ಲ. ಜಲಗಾರರ ಕಸುಬು ನಿಂತಿದ್ದು ಎರಡು ಸಂಗತಿಗಳ ಮೇಲೆ. ಚಿನ್ನ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಅದು ಲೋಹರೂಪದಲ್ಲಿಯೇ ಮರಳಿನಲ್ಲಿ ಸಿಗುತ್ತದೆ. ಜತೆಗೆ ಅದು ಬಲು ಭಾರ: ಒಂದು ಘನ ಸೆಂಟಿಮೀಟರ್ ಬೆಣಚುಕಲ್ಲು 2.65 ಗ್ರಾಂ ತೂಗಿದರೆ ಅಷ್ಟೇ ಚಿನ್ನ 19.3 ಗ್ರಾಂ ತೂಗುತ್ತದೆ. ಮರಿಗೆಯಲ್ಲಿ ನೀರಾಡಿಸಿದಾಗ ಮರಳು ಕೊಚ್ಚಿಹೋಗಿ ಚಿನ್ನ ತಳದಲ್ಲಿ ನಿಲ್ಲುವುದು ಇದರಿಂದ.

ಆ ಭಾರವೆಲ್ಲ ಇರುವುದು ನ್ಯೂಕ್ಲಿಯಸ್ಸಿನಲ್ಲಿ. ಚಿನ್ನದ ಪ್ರತಿ ಪರಮಾಣುವಿನಲ್ಲಿ 79 ಪ್ರೋಟಾನ್, 118 ನ್ಯೂಟ್ರಾನ್, 79 ಎಲೆಕ್ಟ್ರಾನ್‌ಗಳಿವೆ. ಒಂದು ಎಲೆಕ್ಟ್ರಾನ್ ಪ್ರೋಟಾನಿನ 1836ನೇ ಒಂದು ಪಾಲಿನಷ್ಟು ಮಾತ್ರ ತೂಗುವುದರಿಂದ ಚಿನ್ನದ ತೂಕದಲ್ಲಿ ಎಲೆಕ್ಟ್ರಾನ್‌ಗಳ ಪಾಲು 10,000ಕ್ಕೆ ಸುಮಾರು ಎರಡು. ಸುಮಾರು ಮೂರೂವರೆ ಕೋಟಿ ಚಿನ್ನದ ಪರಮಾಣುಗಳನ್ನು ಸಾಲಾಗಿ ಜೋಡಿಸಿದರೆ ಒಂದು ಸೆಂಟಿಮೀಟರ್ ಆಗುತ್ತದೆ. ಅಂಥ ಪರಮಾಣುವಿಗಿಂತಲೂ ನ್ಯೂಕ್ಲಿಯಸ್ ಸುಮಾರು 20,000 ಪಟ್ಟು ಚಿಕ್ಕದು. ನ್ಯೂಕ್ಲಿಯಸ್ಸನ್ನು ನಾಲ್ಕು ಮಿಲಿಮೀಟರಿನ ಜೋಳದ ಕಾಳು ಎಂದುಕೊಂಡರೆ ಪರಮಾಣು 80 ಮೀಟರ್ ಅಗಲದ ಹೊಲವಾಗುತ್ತದೆ, ಮತ್ತು ಹೊಲದ ತೂಕವೆಲ್ಲ ಆ ಒಂದು ಕಾಳಿನಲ್ಲಿರುತ್ತದೆ.

ಈ ಸಂಗತಿ ಮೊದಲು ತಿಳಿದದ್ದೂ ಚಿನ್ನದಿಂದಲೇ. ಎಲೆಕ್ಟ್ರಾನನ್ನು 1897ರಲ್ಲಿ ಜೆ. ಜೆ. ಥಾಮ್ಸನ್ ಕಂಡುಹಿಡಿದ ಮೇಲೆ, ಪರಮಾಣುವಿನ ತುಂಬ ಧನ ಆವೇಶ ಸಮನಾಗಿ ಹರಡಿದೆ ಎಂಬ ಊಹೆ ಚಾಲ್ತಿಯಲ್ಲಿತ್ತು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ತೆಳುವಾದ ಲೋಹದ ಹಾಳೆಗಳ ಮೇಲೆ ಧನ ಆವೇಶದ ಆಲ್ಫಾ ಕಣಗಳನ್ನು ಹಾಯಿಸಿದರು. ಬಡಿದಷ್ಟೂ ತೆಳುವಾಗುವ ಚಿನ್ನ ಇದಕ್ಕೆ ತಕ್ಕ ಲೋಹವಾಗಿತ್ತು. ಬಹುಪಾಲು ಕಣಗಳು ನೇರವಾಗಿ ದಾಟಿಹೋದವು. ಹಲವು ಸಾವಿರಕ್ಕೊಂದು ಮಾತ್ರ ಬಂದ ದಿಕ್ಕಿಗೇ ತಿರುಗಿತು. ಹಾಗೆ ತಿರುಗಿಸಬೇಕಾದರೆ ಧನ ಆವೇಶವೆಲ್ಲ ಅತಿ ಚಿಕ್ಕ ಜಾಗದಲ್ಲಿ ಒತ್ತಾಗಿರಲೇಬೇಕು ಎಂದು ರುದರ್‌ಫೋರ್ಡ್ 1911ರಲ್ಲಿ ತೋರಿಸಿಕೊಟ್ಟರು. ನ್ಯೂಟ್ರಾನ್ 1932ರಲ್ಲಿ ಜೇಮ್ಸ್ ಚಾಡ್‌ವಿಕ್‌ಗೆ ಸಿಕ್ಕಿತು.

79ರಲ್ಲಿ ಒಂದು ಪ್ರೋಟಾನ್ ಕಡಿಮೆಯಾದರೆ ಅದು ಪ್ಲಾಟಿನಮ್, ಒಂದು ಹೆಚ್ಚಾದರೆ ಪಾದರಸ. ಬೆಂಕಿ, ಆಮ್ಲ, ಕುಲುಮೆ ಯಾವುದೂ ಈ ಎಣಿಕೆಯನ್ನು ಬದಲಿಸಲಾರದು. ರಸವಾದಿಗಳು ಶತಮಾನಗಳ ಕಾಲ ಪಾದರಸದಿಂದ ಚಿನ್ನ ಮಾಡಲು ಹೆಣಗಿ ಸೋತದ್ದಕ್ಕೆ ಇದೇ ಕಾರಣ: ಅವರ ಕ್ರಿಯೆಗಳೆಲ್ಲ ಎಲೆಕ್ಟ್ರಾನ್‌ಗಳನ್ನು ಮುಟ್ಟಿದವು, ನ್ಯೂಕ್ಲಿಯಸ್ಸನ್ನು ಮುಟ್ಟಲಿಲ್ಲ. ಚಿನ್ನದಂಥ ಭಾರಿ ನ್ಯೂಕ್ಲಿಯಸ್ ಹುಟ್ಟಬೇಕಾದರೆ ನ್ಯೂಟ್ರಾನ್‌ಗಳ ಸುರಿಮಳೆಯೇ ಬೇಕು. ನ್ಯೂಟ್ರಾನ್ ತಾರೆಗಳು ಒಂದಕ್ಕೊಂದು ಅಪ್ಪಳಿಸಿದಾಗ ಅಂಥ ಮಳೆಯಾಗುತ್ತದೆ; 2017ರ ಆಗಸ್ಟ್ 17ರಂದು ಗುರುತ್ವ ಅಲೆಗಳ ಮೂಲಕ ಪತ್ತೆಯಾದ ಡಿಕ್ಕಿಯ ಬೆಳಕಿನಲ್ಲಿ ಭಾರಿ ಧಾತುಗಳು ಹುಟ್ಟಿದ ಗುರುತು ಸಿಕ್ಕಿತು. ಕಪ್ಪತಗುಡ್ಡದ ಚಿನ್ನ ಭೂಮಿ ಮೂಡುವುದಕ್ಕೂ ಮೊದಲಿನದು.

ಒಂದೇ ಧಾತುವಿನ ಪರಮಾಣುಗಳಲ್ಲಿ ನ್ಯೂಟ್ರಾನ್‌ಗಳ ಎಣಿಕೆ ಬೇರೆಬೇರೆ ಇದ್ದರೆ ಅವು ಆ ಧಾತುವಿನ ಸಮಸ್ಥಾನಿಗಳು. ಚಿನ್ನಕ್ಕೆ ನಿಸರ್ಗದಲ್ಲಿ ಒಂದೇ ರೂಪ. ಪೊಟ್ಯಾಸಿಯಮ್‌ಗೆ ಮೂರು, ಅದರಲ್ಲಿ 19 ಪ್ರೋಟಾನ್, 21 ನ್ಯೂಟ್ರಾನ್ ಇರುವ ಪೊಟ್ಯಾಸಿಯಮ್-40 ವಿಕಿರಣಶೀಲ. ಒಟ್ಟು ಪೊಟ್ಯಾಸಿಯಮ್‌ನಲ್ಲಿ ಇದರ ಪಾಲು ಶೇ. 0.012 ಮಾತ್ರ, ಅರ್ಧಾಯು 125 ಕೋಟಿ ವರ್ಷ. ಗ್ರಾನೈಟಿನ ಅಭ್ರಕದಲ್ಲೂ ನಮ್ಮ ಮೈಯಲ್ಲೂ ಅದು ಇದೆ. ಜಿರ್ಕಾನ್ ಹರಳಿನೊಳಗೆ ಸಿಕ್ಕಿಕೊಂಡ ಯುರೇನಿಯಮ್-238 ಇನ್ನೂ ನಿಧಾನವಾಗಿ, 447 ಕೋಟಿ ವರ್ಷಗಳ ಅರ್ಧಾಯುವಿನಲ್ಲಿ, ಸೀಸವಾಗುತ್ತದೆ. ಉಳಿದ ಯುರೇನಿಯಮ್ ಎಷ್ಟು, ಆದ ಸೀಸ ಎಷ್ಟು ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ಧಾರವಾಡ ಶಿಲಾವರ್ಗಕ್ಕೆ ಸೇರಿದ ಗದಗ ಪಟ್ಟಿಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು ಎಂದು ಹೇಳಲು ಸಾಧ್ಯವಾದದ್ದು ಇಂಥ ಅಳತೆಗಳಿಂದ.

ಪ್ರೋಟಾನ್, ನ್ಯೂಟ್ರಾನ್‌ಗಳೂ ಮೂಲಕಣಗಳಲ್ಲ. ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್ ಸೇರಿ ಪ್ರೋಟಾನ್. ಒಂದು ಅಪ್, ಎರಡು ಡೌನ್ ಸೇರಿ ನ್ಯೂಟ್ರಾನ್. ಎಲೆಕ್ಟ್ರಾನ್ ಮಾತ್ರ ಇದುವರೆಗಿನ ಎಲ್ಲ ಪರೀಕ್ಷೆಗಳಲ್ಲಿ ಒಡೆಯದ ಕಣವಾಗಿಯೇ ಉಳಿದಿದೆ. ನ್ಯೂಕ್ಲಿಯಸ್ಸಿನಿಂದ ಹೊರಬಂದ ಒಂಟಿ ನ್ಯೂಟ್ರಾನ್ ಹತ್ತು ನಿಮಿಷದ ಅರ್ಧಾಯುವಿನಲ್ಲಿ ಪ್ರೋಟಾನ್, ಎಲೆಕ್ಟ್ರಾನ್, ಪ್ರತಿನ್ಯೂಟ್ರಿನೊಗಳಾಗಿ ಒಡೆಯುತ್ತದೆ. ಹಾಗಾದರೆ ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ? ಈ ಪ್ರಶ್ನೆಗೆ ಜಗತ್ತಿನಲ್ಲಿ ಮೊದಮೊದಲು ಉತ್ತರ ಹುಡುಕಿದ ಜಾಗಗಳಲ್ಲಿ ಕರ್ನಾಟಕದ್ದೇ ಆದ ಇನ್ನೊಂದು ಚಿನ್ನದ ನೆಲವಿದೆ.

ಅದು ಕೋಲಾರದ ಚಿನ್ನದ ಗಣಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಪ್ರೋಟಾನಿನ ಹುಡುಕಾಟಕ್ಕೂ ಮೊದಲು, 1950ರ ದಶಕದ ಆರಂಭದಲ್ಲಿ, ಅಲ್ಲಿ ಮ್ಯುವಾನ್‌ಗಳನ್ನು ಎಣಿಸಲು ತೊಡಗಿದರು. ಮ್ಯುವಾನ್ ಎಂದರೆ ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರವಾದ, ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ಕಣ. ಆಳಕ್ಕೆ ಇಳಿದಷ್ಟೂ ಬಂಡೆ ಅವನ್ನು ತಡೆಯುತ್ತದೆ. 2.3 ಕಿಲೋಮೀಟರ್ ಆಳದಲ್ಲಿ ಮೇಲಿನಿಂದ ಬರುವ ಮ್ಯುವಾನ್‌ಗಳು ತೀರ ವಿರಳ, ಪಕ್ಕದಿಂದ ಬರುವುದಂತೂ ಸಾಧ್ಯವೇ ಇಲ್ಲ. ಆದ್ದರಿಂದ ಅಡ್ಡಡ್ಡಲಾಗಿ ಒಂದು ಮ್ಯುವಾನ್ ಹಾದುಬಂದರೆ ಅದು ಸುತ್ತಲಿನ ಬಂಡೆಯಲ್ಲಿ, ಬಂಡೆಯನ್ನೂ ಸಲೀಸಾಗಿ ದಾಟಬಲ್ಲ ಆವೇಶವಿಲ್ಲದ ಕಣವಾದ ನ್ಯೂಟ್ರಿನೊವೊಂದು ಡಿಕ್ಕಿ ಹೊಡೆದು ಹುಟ್ಟಿಸಿದ್ದೇ ಆಗಿರಬೇಕು. ಚಾಂಪಿಯನ್ ರೀಫ್ ಗಣಿಯಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್‌ಹಮ್ ವಿಶ್ವವಿದ್ಯಾಲಯಗಳ ತಂಡ 1965ರಲ್ಲಿ ಇಂಥ ಗುರುತುಗಳನ್ನು ಹಿಡಿದು ಪ್ರಕಟಿಸಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದೇ ವರ್ಷ ಅದೇ ಬಗೆಯ ಫಲ ಬಂತು. ವಾತಾವರಣದ ನ್ಯೂಟ್ರಿನೊಗಳು ಮನುಷ್ಯನಿಗೆ ಮೊದಲ ಸಲ ಸಿಕ್ಕಿದ್ದು ಹೀಗೆ. ನ್ಯೂಟ್ರಿನೊಗಳಿಗೆ ತೂಕವಿದೆ ಎಂದು 1998ರಲ್ಲಿ ಜಪಾನಿನ ಸೂಪರ್ ಕಮಿಯೊಕಾಂಡೆ ಶೋಧಕ ತೋರಿಸಿದ್ದು ಇದೇ ಬಗೆಯ ನ್ಯೂಟ್ರಿನೊಗಳನ್ನು ಎಣಿಸಿ.

1980ರಲ್ಲಿ ಕೋಲಾರದ ಗಣಿಯ ಅದೇ ಆಳದಲ್ಲಿ 140 ಟನ್ ಕಬ್ಬಿಣದ ಶೋಧಕವೊಂದು ಪ್ರೋಟಾನ್ ಒಡೆಯುವುದನ್ನು ಕಾಯತೊಡಗಿತು. ಅಷ್ಟು ಕಬ್ಬಿಣದಲ್ಲಿರುವ ಪ್ರೋಟಾನ್‌ಗಳ ರಾಶಿಯಲ್ಲಿ ವರ್ಷಕ್ಕೆ ಒಂದೆರಡಾದರೂ ಒಡೆದರೆ ಗೊತ್ತಾಗಲಿ ಎಂಬುದು ಲೆಕ್ಕ. ಕೆಲವು ಘಟನೆಗಳು ಆಸೆ ಹುಟ್ಟಿಸಿದವು, ಬೇರೆಡೆಯ ದೊಡ್ಡ ಶೋಧಕಗಳು ಅದನ್ನು ದೃಢಪಡಿಸಲಿಲ್ಲ. ಇಂದಿಗೂ ಒಂದೇ ಒಂದು ಪ್ರೋಟಾನ್ ಒಡೆದದ್ದು ಖಚಿತವಾಗಿ ಕಂಡಿಲ್ಲ. ಧಾತುಗಳು ಧಾತುಗಳಾಗಿಯೇ ಉಳಿದಿರುವುದು ಈ ಬಾಳಿಕೆಯಿಂದ.

ಇನ್ನು ಎಲೆಕ್ಟ್ರಾನ್‌ಗಳು. ಸೂರ್ಯನ ಸುತ್ತ ಗ್ರಹಗಳು ತಿರುಗುವ ಹಾಗೆ ಅವು ಸುತ್ತುತ್ತವೆ ಎಂದು ಶಾಲೆಯ ಗೋಡೆಚಿತ್ರಗಳಲ್ಲಿ ಇರುತ್ತದೆ. ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಆ ಚಿತ್ರ ಲೆಕ್ಕಕ್ಕೆ ಅನುಕೂಲ, ನಿಜದ ಸ್ಥಿತಿ ಬೇರೆ: ಕ್ವಾಂಟಮ್ ಸಿದ್ಧಾಂತದಲ್ಲಿ ಎಲೆಕ್ಟ್ರಾನಿಗೆ ಗೆರೆ ಎಳೆದ ಹಾದಿ ಇಲ್ಲ, ಎಲ್ಲಿ ಎಷ್ಟು ಸಂಭವದಲ್ಲಿ ಸಿಗಬಹುದು ಎಂಬ ಹರಹು ಇದೆ. ಶಕ್ತಿಯ ಮಟ್ಟಗಳು ಮಾತ್ರ ಕರಾರುವಾಕ್ಕು. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಚಿನ್ನದ ಸರವನ್ನು ಕರಗಿಸದೆ ಪರೀಕ್ಷಿಸುವ ಎಕ್ಸ್-ಕಿರಣ ಯಂತ್ರ ಈ ಕರಾರುವಾಕ್ಕುತನವನ್ನೇ ಬಳಸುತ್ತದೆ. ಎಕ್ಸ್-ಕಿರಣ ಬಡಿದು ಒಳಕವಚದ ಎಲೆಕ್ಟ್ರಾನ್ ಹಾರಿಹೋದಾಗ ಹೊರಕವಚದ್ದು ಆ ಜಾಗಕ್ಕೆ ಇಳಿಯುತ್ತದೆ. ಇಳಿಯುವಾಗ ಹೊರಬೀಳುವ ಕಿರಣದ ಶಕ್ತಿ ತಾಮ್ರಕ್ಕೇ ಬೇರೆ, ಬೆಳ್ಳಿಗೇ ಬೇರೆ, ಚಿನ್ನಕ್ಕೇ ಬೇರೆ. ಸಾವಿರಕ್ಕೆ 916 ಪಾಲು ಚಿನ್ನವಿದೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತದೆ. ಚಿನ್ನದ ಹಳದಿ ಹೊಳಪೂ ಎಲೆಕ್ಟ್ರಾನ್‌ಗಳದ್ದೇ. 79 ಪ್ರೋಟಾನ್‌ಗಳ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಅರ್ಧಕ್ಕೂ ಮೀರಿದ ವೇಗ ಪಡೆಯುತ್ತವೆ, ಸಾಪೇಕ್ಷತೆಯ ಪರಿಣಾಮದಿಂದ ಹೊರಗಿನ ಮಟ್ಟಗಳೂ ಸರಿಯುತ್ತವೆ, ಲೋಹ ನೀಲಿ ಬೆಳಕನ್ನು ಹೀರಿ ಹಳದಿಯನ್ನು ಮರಳಿಸುತ್ತದೆ.

ಎಲೆಕ್ಟ್ರಾನ್ ಒಂದು ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಮುಂಡರಗಿ ಸೀಮೆಯ ನೀರಿಗಿಂತ ಗಂಭೀರವಾದ ನಿದರ್ಶನ ಸಿಗುವುದು ಕಷ್ಟ. ಫ್ಲೋರೀನ್ ಪರಮಾಣುವಿನಲ್ಲಿ 9 ಪ್ರೋಟಾನ್, 9 ಎಲೆಕ್ಟ್ರಾನ್. ಒಳಕವಚದಲ್ಲಿ ಎರಡು, ಹೊರಕವಚದಲ್ಲಿ ಏಳು. ಹೊರಕವಚ ತುಂಬಲು ಬೇಕಾದ ಆ ಒಂದು ಎಲೆಕ್ಟ್ರಾನನ್ನು ಅದು ಎದುರಿಗೆ ಸಿಕ್ಕ ಬಹುತೇಕ ಎಲ್ಲ ವಸ್ತುಗಳಿಂದ ಕಿತ್ತುಕೊಳ್ಳುತ್ತದೆ. ಎಲ್ಲ ಧಾತುಗಳಲ್ಲಿ ಈ ಸೆಳೆತ ಅತ್ಯಂತ ಬಲವಾಗಿರುವುದು ಇದರಲ್ಲಿಯೇ. ಎಲೆಕ್ಟ್ರಾನ್ ಸಿಕ್ಕ ಕೂಡಲೇ ಅದು ಋಣ ಆವೇಶದ ಫ್ಲೋರೈಡ್ ಅಯಾನಾಗಿ ಶಾಂತವಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿದ್ದರೆ ನಾಲಿಗೆಗೂ ಗೊತ್ತಾಗದು. ಗ್ರಾನೈಟ್, ನೈಸ್ ಬಂಡೆಗಳ ಫ್ಲೋರೈಟ್, ಅಪಟೈಟ್, ಅಭ್ರಕಗಳಿಂದ ಅದು ನಿಧಾನವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಮ್ ಹೆಚ್ಚಿದ್ದರೆ ಎರಡೂ ಸೇರಿ ಕರಗದ ಲವಣವಾಗಿ ಕೂತುಬಿಡುತ್ತವೆ. ಕ್ಯಾಲ್ಸಿಯಮ್ ಕಡಿಮೆಯಿದ್ದು ಕ್ಷಾರ ಹೆಚ್ಚಿರುವ ಆಳದ ನೀರಿನಲ್ಲಿ ಫ್ಲೋರೈಡ್ ಏರುತ್ತಲೇ ಹೋಗುತ್ತದೆ.

ಹಲ್ಲು, ಎಲುಬುಗಳ ಖನಿಜದಲ್ಲಿ ಹೈಡ್ರಾಕ್ಸಿಲ್ ಅಯಾನು ಕೂರುವ ಜಾಗವೊಂದಿದೆ. ಫ್ಲೋರೈಡಿನ ಗಾತ್ರವೂ ಆವೇಶವೂ ಹೆಚ್ಚುಕಡಿಮೆ ಹೈಡ್ರಾಕ್ಸಿಲಿನಷ್ಟೇ ಇರುವುದರಿಂದ ಅದು ಆ ಜಾಗವನ್ನು ಸಲೀಸಾಗಿ ಹಿಡಿಯುತ್ತದೆ. ಅಲ್ಪ ಪ್ರಮಾಣದಲ್ಲಿ ಇದು ಹಲ್ಲನ್ನು ಹುಳುಕಿನಿಂದ ಕಾಯುತ್ತದೆ. ಮಿತಿಮೀರಿದರೆ, ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳಲ್ಲಿ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದವರಲ್ಲಿ ಎಲುಬು ಬಿರುಸಾಗಿ ಕೀಲು ಬಾಗದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಭಾರತೀಯ ಮಾನಕ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ. ಬಿದ್ದ ಕಲೆ ತಾನಾಗಿ ಹೋಗುವುದಿಲ್ಲ, ಬಾಗದ ಕೀಲಿಗೆ ಮದ್ದಿಲ್ಲ. ಆದ್ದರಿಂದ ಬೋರ್‌ವೆಲ್ ನೀರನ್ನು ಪರೀಕ್ಷಿಸದೆ ಮಕ್ಕಳಿಗೆ ಕುಡಿಸಬಾರದು.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಒಂಬತ್ತು ಪ್ರೋಟಾನ್‌ಗಳ ಆ ನ್ಯೂಕ್ಲಿಯಸ್ಸನ್ನು ಒಲೆಯ ಬೆಂಕಿ ಮುಟ್ಟಲಾರದು, ಯಾವ ಫಿಲ್ಟರೂ ಅದನ್ನು ನಾಶ ಮಾಡಲಾರದು. ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಬಹುದು, ಅಷ್ಟೆ. ಪಟಿಕ ಮತ್ತು ಸುಣ್ಣ ಬೆರೆಸುವ ನಲ್ಗೊಂಡ ವಿಧಾನದಲ್ಲಿ ಅದು ಗಸಿಯೊಡನೆ ತಳ ಸೇರುತ್ತದೆ. ಸಕ್ರಿಯ ಅಲ್ಯೂಮಿನಾದ ಧನ ಆವೇಶದ ಮೈಗೆ ಅಂಟಿಕೊಳ್ಳುತ್ತದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಆರ್‌ಓ ಪೊರೆಯ ಆಚೆ ಉಳಿಯುತ್ತದೆ. ಬೋರ್‌ವೆಲ್ ಬಿಟ್ಟು ತುಂಗಭದ್ರೆಯ ನೀರನ್ನು ಕೊಳವೆಯಲ್ಲಿ ಊರಿಗೆ ತರುವುದು ಇವೆಲ್ಲಕ್ಕಿಂತ ಭದ್ರವಾದ ದಾರಿ. ಆರ್‌ಓ ಘಟಕವಿರುವ ಊರಲ್ಲಿ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚಾಗಿರುತ್ತದೆ. ಅದನ್ನು ದನಕರು ಕುಡಿಯುವ ತೊಟ್ಟಿಗಾಗಲಿ, ಬಾವಿಯ ಪಕ್ಕದ ಗುಂಡಿಗಾಗಲಿ ಬಿಡಬಾರದು.